ರೇಟ್, ಬಾನಿ
1949- . ಅಮೆರಿಕದ ಗಿಟಾರ್ ವಾದಕಿ, ಗಾಯಕಿ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಸ್ಲೈಡ್ ಶೈಲಿಯ ಬ್ಲೂಸ್ ವಾದನಕ್ಕೆ ಪ್ರಸಿದ್ಧರು. ಜನನ ನವೆಂಬರ್ 8ರಂದು, ಕ್ಯಾಲಿಫೋರ್ನಿಯದ ಬರ್ಬ್ಯಾಂಕ್‌ನಲ್ಲಿ. ತಂದೆ ಜಾನ್ ರೇಟ್ ಬ್ರಾಡ್‌ವೇ ಸಂಗೀತನಾಟಕಗಳ ಹೆಸರಾಂತ ಗಾಯಕ, ತಾಯಿ ಪಿಯಾನೋ ವಾದಕಿ.

ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಓದುತ್ತಿದ್ದಾಗ ಡಿಕ್ ವಾಟರ್‌ಮನ್ ಅವರ ಪರಿಚಯವಾಯಿತು. ಹಿರಿಯ ಬ್ಲೂಸ್ ಕಲಾವಿದರ ಕಛೇರಿಗಳನ್ನು ಏರ್ಪಡಿಸುತ್ತಿದ್ದ ವಾಟರ್‌ಮನ್ ಮೂಲಕ ಮಿಸಿಸಿಪಿ ಫ್ರೆಡ್ ಮೆಕ್‌ಡೊವೆಲ್, ಸಿಪ್ಪಿ ವಾಲೇಸ್ ಮೊದಲಾದವರ ಒಡನಾಟ ದೊರೆಯಿತು. ಪುಸ್ತಕದಿಂದಲ್ಲ, ಹೀಗೆ ಹಿರಿಯರ ಬಳಿಯಲ್ಲಿದ್ದು ಪಡೆದ ಕಲಿಕೆಯೇ ಇವರ ಸಂಗೀತದ ತಳಹದಿ. ಮೊದಲ ಆಲ್ಬಂ 1971ರಲ್ಲಿ ಹೊರಬಂತು. ವಿಮರ್ಶಕರ ಮೆಚ್ಚುಗೆಯಿದ್ದರೂ ಮಾರಾಟ ಸಾಧಾರಣವಾಗಿತ್ತು. 1983ರಲ್ಲಿ ವಾರ್ನರ್ ಧ್ವನಿಮುದ್ರಣ ಸಂಸ್ಥೆ ಇವರೊಂದಿಗಿನ ಒಪ್ಪಂದವನ್ನು ಕೈಬಿಟ್ಟಿತು. ಡಾನ್ ವಾಸ್ ನಿರ್ಮಿಸಿದ 'ನಿಕ್ ಆಫ್ ಟೈಮ್' (1989) ವರ್ಷದ ಆಲ್ಬಂ ಗ್ರ್ಯಾಮಿ ಗಳಿಸಿ ವೃತ್ತಿಯ ದಿಕ್ಕನ್ನೇ ಬದಲಿಸಿತು. ಜಾನ್ ಲೀ ಹೂಕರ್ ಜೊತೆಗಿನ ಯುಗಳಗೀತೆಗೂ ಅದೇ ಸಮಾರಂಭದಲ್ಲಿ ಸಾಂಪ್ರದಾಯಿಕ ಬ್ಲೂಸ್ ವಿಭಾಗದ ಗ್ರ್ಯಾಮಿ ಬಂತು.

ಗಾಜಿನ ಕೊಳವೆಯನ್ನು ಎಡಗೈಯ ನಡುಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುವುದು ಇವರ ವಾದನಕ್ರಮ. ಹೆಚ್ಚಿನವರು ಉಂಗುರ ಬೆರಳನ್ನೋ ಕಿರುಬೆರಳನ್ನೋ ಬಳಸುತ್ತಾರೆ. ಸ್ವರವನ್ನು ಎಳೆದು ನಿಲ್ಲಿಸಿ ಹಾಡಿನ ಸಾಲಿಗೆ ಉತ್ತರಿಸುವಂತೆ ನುಡಿಸುವುದರಿಂದ ಗಿಟಾರ್ ಎರಡನೆಯ ದನಿಯಾಗುತ್ತದೆ; ವೇಗದ ಪ್ರದರ್ಶನ ಕಡಿಮೆ. 1969ರಲ್ಲಿ ಕೊಂಡ, ಬಣ್ಣ ತೆಗೆದ ಕಂದು ಸ್ಟ್ರ್ಯಾಟೊಕಾಸ್ಟರ್ ಇವರ ಮುಖ್ಯ ವಾದ್ಯ. ಈ ಗಿಟಾರ್ ತಯಾರಿಸುವ ಫೆಂಡರ್ ಕಂಪನಿ ತನ್ನ ಸಿಗ್ನೇಚರ್ ಮಾದರಿಗೆ ಹೆಸರಿಟ್ಟು ಗೌರವಿಸಿದ ಮೊದಲ ಮಹಿಳೆ ಇವರೇ.

ವಯಸ್ಸಾದ ಕಪ್ಪು ಸಂಗೀತಗಾರರಿಗೆ ನೆರವಾಗುವ ರಿದಮ್ ಅಂಡ್ ಬ್ಲೂಸ್ ಫೌಂಡೇಷನ್ನಿನ ಸ್ಥಾಪಕರಲ್ಲೊಬ್ಬರು. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದರು. ಸ್ವಂತ ರಚನೆ 'ಜಸ್ಟ್ ಲೈಕ್ ದಟ್' 2023ರಲ್ಲಿ ವರ್ಷದ ಗೀತೆ ಗ್ರ್ಯಾಮಿ ಪಡೆಯಿತು.