ಬಳ್ಳಾರಿಯ ಬಿಸಿಲಲ್ಲಿ ಇಟಲಿಯ ಕಾರು

ಬಳ್ಳಾರಿಯ ಕೌಲ್ ಬಜಾರ್ ಕಡೆಯ ಒಂದು ಗ್ಯಾರೇಜಿನಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಕಾರ್ಬುರೇಟರ್ ಬಿಚ್ಚಿ ಹಳೆಯ ಪೇಪರಿನ ಮೇಲೆ ಹರಡಿಕೊಂಡು ಕೂತಿದ್ದರು. ಸಾಸಿವೆ ಕಾಳೂ ತೂರದಂಥ ತೂತಿನ ಹಿತ್ತಾಳೆ ಜೆಟ್ಟನ್ನು ಪೆಟ್ರೋಲಿನಲ್ಲಿ ಅದ್ದಿ, ಬಾಯಿಂದ ಊದಿ, ಒಂದು ಕಣ್ಣು ಮುಚ್ಚಿ ಬಿಸಿಲಿಗೆ ಹಿಡಿದು ನೋಡಿದರು. "ತಂತಿ ಹಾಕಬಾರ್ದು. ತೂತು ದೊಡ್ಡದಾದ್ರೆ ಗಾಡಿ ಪೆಟ್ರೋಲ್ ಕುಡೀತದ" ಎಂದರು. ಅದು ಪ್ರೀಮಿಯರ್ ಪದ್ಮಿನಿಯ ಕಾರ್ಬುರೇಟರ್. ಇಟಲಿಯ ಅಪರೂಪದ ಕಾರುಗಳ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಕೈ.

ನಮ್ಮ ಕಡೆಗೆ ಇಟಲಿ ಬಂದದ್ದು ಫಿಯಟ್ ಹೆಸರಿನಲ್ಲಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ 1950ರ ದಶಕದಲ್ಲಿ ಫಿಯಟ್ 1100 ಕಾರನ್ನು ಇಲ್ಲಿ ತಯಾರಿಸತೊಡಗಿತು. ಮುಂಬೈ ಮಂದಿ 'ಡುಕ್ಕರ್' (ಹಂದಿ) ಎಂದು ಕರೆದ ಗುಂಡು ಮೈಯ ಕಾರು ಅದು. ಆಮೇಲೆ ಡಿಲೈಟ್ ಬಂತು. ಅದೇ 1974ರಲ್ಲಿ ಪದ್ಮಿನಿಯಾಯಿತು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ವರ್ಷಗಟ್ಟಲೆ ಕಾದು ಪಡೆಯಬೇಕಿದ್ದ ಆ ಕಾರು ಬಳ್ಳಾರಿಯಲ್ಲಿ ಡಾಕ್ಟರು, ವಕೀಲರು, ಹತ್ತಿ ವ್ಯಾಪಾರಿಗಳ ಮನೆ ಮುಂದೆ, ಸಿರುಗುಪ್ಪದಲ್ಲಿ ರೈಸ್‌ಮಿಲ್ಲಿನ ಅಂಗಳದಲ್ಲಿ ನಿಲ್ಲುತ್ತಿತ್ತು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ರೂಪವನ್ನು ಬರೆದವನೂ ಇಟಲಿಯವನೇ, ಜಿಯೊವಾನಿ ಮಿಕೆಲೊಟ್ಟಿ. ಇತ್ತೀಚಿನವರೆಗೆ ಸಿರುಗುಪ್ಪ–ಬಳ್ಳಾರಿ ನಡುವೆ ಓಡಿದ ಡೀಸೆಲ್ ಡಿಸೈರ್ ಟ್ಯಾಕ್ಸಿಗಳ ಎಂಜಿನ್ ಕೂಡ ಫಿಯಟ್‌ನ 1.3 ಮಲ್ಟಿಜೆಟ್.

ಇನ್ನು ಇಟಲಿಯ ಅಪರೂಪದ ಕಾರುಗಳು. ಫೆರಾರಿಯ ಮೊದಲ ಕಾರು ಅಲ್ಲಿನ ಮರನೆಲ್ಲೊದಿಂದ ಹೊರಬಂದದ್ದು 1947ರಲ್ಲಿ. ಲ್ಯಾಂಬೊರ್ಗಿನಿಯ ಕಥೆ ಸಿರುಗುಪ್ಪದ ರೈತನಿಗೆ ಇನ್ನೂ ಹತ್ತಿರವಾದೀತು. ಫೆರುಚ್ಚೊ ಲ್ಯಾಂಬೊರ್ಗಿನಿ ರೈತರ ಮಗ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೂಲೆಗುಂಪಾದ ಮಿಲಿಟರಿ ಸಾಮಾನುಗಳಿಂದ ಟ್ರ್ಯಾಕ್ಟರ್ ಕಟ್ಟಿ ಮಾರಿದ. ಕಾರಿನ ಕಾರ್ಖಾನೆ ಶುರುಮಾಡಿದ್ದು 1963ರಲ್ಲಿ. ತುಂಗಭದ್ರೆಯ ದಂಡೆಯ ಭತ್ತದ ಗದ್ದೆಯಲ್ಲಿ ಕೇಜ್‌ವೀಲ್ ಹಾಕಿ ಕೆಸರು ಹೊಡೆಯುವವನಿಗೆ ಆ ಹೆಸರಿನ ಬೇರು ಎಲ್ಲಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

2000ರ ದಶಕದಲ್ಲಿ ಚೀನಾದ ಬೇಡಿಕೆಗೆ ಇಲ್ಲಿನ ಕಬ್ಬಿಣದ ಅದಿರಿನ ಬೆಲೆ ಏರಿತು. ಬಳ್ಳಾರಿ, ಹೊಸಪೇಟೆ ಬೀದಿಗಳಲ್ಲಿ ವಿದೇಶಿ ಕಾರುಗಳು ಕಾಣಿಸಿದವು. ಲಾರಿಗಳು ಕಿತ್ತು ಹಾಕಿದ ರಸ್ತೆಯಲ್ಲಿ, ಕೆಂಪು ಧೂಳಿನಲ್ಲಿ ಆ ಕಾರುಗಳು ಬಂದುಹೋಗುವುದನ್ನು ಜನ ನಿಂತು ನೋಡಿದರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಿರಿನ ದುಡ್ಡು ಕಾರು ತಂದಿತು. ಕಾರು ಕಾಪಾಡುವ ಒಂದೇ ಒಂದು ಒಳ್ಳೆಯ ವರ್ಕ್‌ಶಾಪನ್ನು ಊರಿಗೆ ಕೊಡಲಿಲ್ಲ. ಇದು ನನಗೆ ಇಂದಿಗೂ ನೋವಿನ ವಿಷಯ.

ಇಂಥ ಕಾರನ್ನು ತರಿಸುವ ದಾರಿಯೂ ಸುಲಭದ್ದಲ್ಲ. 40 ಸಾವಿರ ಡಾಲರ್ ದಾಟಿದ ಹೊಸ ಕಾರಿಗೆ ಆಮದು ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ. ಬಳಸಿದ ಕಾರಾದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಬಲಗಡೆ ಸ್ಟೇರಿಂಗ್ ಇರಬೇಕು. ಹಾಗಾಗಿ ಮೂವತ್ತು ವರ್ಷದ ಫೆರಾರಿಗೆ ಬಾಗಿಲು ಮುಚ್ಚಿದೆ. ಮೊದಲು 1950ಕ್ಕಿಂತ ಹಿಂದಿನ ಕಾರುಗಳಿಗೆ ಮಾತ್ರ ವಿಂಟೇಜ್ ರಿಯಾಯಿತಿ ಇತ್ತು. 2025ರಲ್ಲಿ ಅದು ಐವತ್ತು ವರ್ಷ ದಾಟಿದ ಎಲ್ಲ ಕಾರುಗಳಿಗೂ ಸಿಕ್ಕಿತು. ಸುಂಕ ಮುಗಿದ ಮೇಲೆ ರಾಜ್ಯದ ಜೀವಾವಧಿ ತೆರಿಗೆ. ಅದನ್ನು ತಪ್ಪಿಸಲು ಬೇರೆ ರಾಜ್ಯದ ನಂಬರ್ ಹಾಕಿಸುವ ಚಾಳಿ ಬೆಳೆದಿದೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯಿಂದ ಆರ್‌ಟಿಒ ಅಧಿಕಾರಿಗಳು 1.41 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು. ರಸ್ತೆ ಸರಿಯಿಲ್ಲ ಎಂದು ದೂರುವವರೇ ತೆರಿಗೆ ತಪ್ಪಿಸುವುದನ್ನು ನಾನು ಒಪ್ಪಲಾರೆ.

ಇನ್ನು ಕಾಪಾಡುವುದು. ಓಡಿಸುವುದಕ್ಕಿಂತ ನಿಲ್ಲಿಸುವುದೇ ಇಂಥ ಕಾರಿಗೆ ಹೆಚ್ಚು ಅಪಾಯ. ಬ್ಯಾಟರಿ ಇಳಿಯುತ್ತದೆ, ಟೈರು ನಿಂತಲ್ಲೇ ಚಪ್ಪಟೆಯಾಗುತ್ತದೆ, ಇಲಿ ವೈರು ಕಡಿಯುತ್ತದೆ. 1980–90ರ ದಶಕದ ಹಲವು ಫೆರಾರಿಗಳಲ್ಲಿ ಟೈಮಿಂಗ್ ಬೆಲ್ಟ್ ರಬ್ಬರಿನದು. ಕಿಲೋಮೀಟರ್ ಓಡದಿದ್ದರೂ ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಟೆಸ್ಟರೋಸಾದಂಥ ಕಾರಿನಲ್ಲಿ ಅದಕ್ಕಾಗಿ ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕು. ಬೆಲ್ಟ್ ತುಂಡಾದರೆ ವಾಲ್ವ್ ಬಾಗಿ ಎಂಜಿನ್ ಹಾಳು. ಲ್ಯಾಂಬೊರ್ಗಿನಿಯ ಮಿಯುರಾದ ಹನ್ನೆರಡು ಸಿಲಿಂಡರಿಗೆ ನಾಲ್ಕು ವೆಬರ್ ಕಾರ್ಬುರೇಟರ್, ಒಂದೊಂದಕ್ಕೂ ಮೂರು ಬಾಯಿ. ಎಲ್ಲವೂ ಒಂದೇ ಸಮ ಉಸಿರಾಡುವಂತೆ ಹೊಂದಿಸಲು ಕಿವಿ ಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ಮೆತ್ತಗೆ ಮಾಡುತ್ತದೆ. ಪದ್ಮಿನಿಗೂ ಇದೇ ರೋಗ, ಮಿಯುರಾಗೂ ಇದೇ ರೋಗ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಊರೇ ಮೇಲು. ಮಂಗಳೂರಿನ ಉಪ್ಪುಗಾಳಿ ಕಾರಿನ ತಗಡನ್ನು ತಿನ್ನುತ್ತದೆ. ಬಳ್ಳಾರಿಯ ಒಣ ಹವೆ ಅದನ್ನು ಉಳಿಸುತ್ತದೆ. ನಲವತ್ತು ಡಿಗ್ರಿ ದಾಟುವ ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರಿಯುತ್ತದೆ, ಅದಿರಿನ ಧೂಳು ಏರ್ ಫಿಲ್ಟರಿನಲ್ಲಿ ಕೂರುತ್ತದೆ, ನಿಜ. ಆದರೆ ನೆರಳಿರುವ ಶೆಡ್ಡು, ದಪ್ಪ ಹೊದಿಕೆ, ತಿಂಗಳಿಗೊಮ್ಮೆ ಇಪ್ಪತ್ತು ಕಿಲೋಮೀಟರ್ ಓಟ ಇದ್ದರೆ ಕಬ್ಬಿಣ ಇಲ್ಲಿ ಬಾಳುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ನೋಡಿ. ವರ್ಷವೆಲ್ಲ ನಿಂತು ಜಾತ್ರೆಯ ದಿನ ಹೊರಡಬೇಕಾದ ಗಾಡಿಯನ್ನು ಹೇಗೆ ಕಾಯಬೇಕೆಂದು ನಮ್ಮ ಜನಕ್ಕೆ ಗೊತ್ತಿದೆ.

ರಾಜ್ಯದಲ್ಲಿ ಸಂಗ್ರಹದ ಕೆಲಸ ಗಟ್ಟಿಯಾಗಿ ನಡೆದಿರುವುದು ಧರ್ಮಸ್ಥಳದಿಂದ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಸಿದ ಹಳೆಯ ಕಾರುಗಳಿಗಾಗಿಯೇ 2023ರಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ಮ್ಯೂಸಿಯಂ ತೆರೆಯಿತು. ಕೇಂದ್ರ ಸರ್ಕಾರವೂ 2021ರ ಜುಲೈನಲ್ಲಿ ಐವತ್ತು ವರ್ಷ ಮೀರಿದ ವಾಹನಗಳಿಗೆ ಬೇರೆ ನೋಂದಣಿ ತಂದಿತು. ರಾಜ್ಯದ ಅಕ್ಷರಗಳ ನಂತರ 'ವಿಎ' ಎಂಬ ಗುರುತು, ಶುಲ್ಕ 20 ಸಾವಿರ ರೂಪಾಯಿ, ಹತ್ತು ವರ್ಷದ ಅವಧಿ. ದಿನನಿತ್ಯದ ಓಡಾಟಕ್ಕಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಹೊರತೆಗೆಯಬಹುದು.

ಪದ್ಮಿನಿ ಎಂಬ ಹೆಸರು ಬಂದ 1974ರಲ್ಲೇ ಲ್ಯಾಂಬೊರ್ಗಿನಿಯ ಕೌಂಟಾಷ್ ಕೂಡ ಮಾರಾಟಕ್ಕೆ ಇಳಿಯಿತು. ಎರಡಕ್ಕೂ ಐವತ್ತು ದಾಟಿದೆ. ಒಂದನ್ನು ಹಡಗಿನಲ್ಲಿ ತರಿಸಬೇಕು. ಇನ್ನೊಂದು ಕೌಲ್ ಬಜಾರಿನ ಆ ಗ್ಯಾರೇಜಿನಲ್ಲಿ ಬಾನೆಟ್ ತೆರೆದು ನಿಂತಿತ್ತು. ಮೇಸ್ತ್ರಿ ಜೆಟ್ಟನ್ನು ಮತ್ತೆ ಕೂರಿಸಿ, ಚೋಕ್ ಎಳೆದು, ಕೀಲಿ ತಿರುಗಿಸಲು ನನಗೆ ಹೇಳಿದರು. ಮೂರನೆಯ ಸಲಕ್ಕೆ ಹೊತ್ತಿಕೊಂಡಿತು.