ಸೈಕೋಸಿಸ್ ಚಿಕಿತ್ಸೆ: ಬೆಂಗಳೂರಿನ ಹೊರವಲಯದ ಚರಿತ್ರೆ

ಯಾರೂ ಆಡದ ಮಾತು ಕಿವಿಗೆ ಬೀಳುವುದು, ಬುಡವಿಲ್ಲದ ಸಂಶಯ ಗಟ್ಟಿ ನಂಬಿಕೆಯಾಗುವುದು, ಯೋಚನೆಯ ಕೊಂಡಿ ಕಳಚುವುದು ಸೈಕೋಸಿಸ್‌ನ ಮುಖ್ಯ ಲಕ್ಷಣಗಳು. ಸ್ಕಿಜೋಫ್ರೀನಿಯದಲ್ಲಿ ಹೆಚ್ಚಾಗಿ ಕಾಣುವ ಈ ಸ್ಥಿತಿ ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆ, ಮಾದಕವಸ್ತು ಸೇವನೆಯಿಂದಲೂ ಬರಬಹುದು.

ಬೆಂಗಳೂರಿನಲ್ಲಿ ಇದರ ಆರೈಕೆ 1847ರಲ್ಲಿ ಸ್ಥಾಪನೆಯಾದ ಹುಚ್ಚಾಸ್ಪತ್ರೆಯಿಂದ ಮೊದಲಾಯಿತು. 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಎನಿಸಿತು. 1930ರ ದಶಕದಲ್ಲಿ ಹೊಸೂರು ರಸ್ತೆಯ ಬದಿಯ ಈಗಿನ ಜಾಗಕ್ಕೆ ಬಂತು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಈ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಸೈಕೋಸಿಸ್‌ಗೆ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಬಳಸತೊಡಗಿದ ಮೇಲೆ, ಮನೆಯಲ್ಲೇ ಇದ್ದು ಮಾತ್ರೆ ನುಂಗಿ ಚೇತರಿಸಿಕೊಳ್ಳುವ ದಾರಿ ತೆರೆಯಿತು. ಆದರೆ ವೈದ್ಯರಿದ್ದದ್ದು ನಗರದಲ್ಲಿ, ರೋಗಿಗಳಲ್ಲಿ ಬಹುಪಾಲು ಹಳ್ಳಿಗಳಲ್ಲಿ.

ಈ ಅಂತರವನ್ನು ತುಂಬುವ ಪ್ರಯತ್ನ ನಡೆದದ್ದು ಆನೇಕಲ್ ತಾಲ್ಲೂಕಿನ ಸಕಲವಾರ ಎಂಬ ಹಳ್ಳಿಯಲ್ಲಿ. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಅಲ್ಲಿ ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಾಯಿಲೆ ಗುರುತಿಸಿ ಔಷಧಿ ಮುಂದುವರಿಸುವುದನ್ನು ಕಲಿಸಿತು. ಗಾಳಿ ಸೋಕು, ಮಾಟ ಎಂದು ಕಟ್ಟಿಹಾಕಿದ್ದವರನ್ನು ಮತ್ತೆ ಹೊಲಗೆಲಸಕ್ಕೆ ಕಳಿಸಬಹುದೆಂಬ ಭರವಸೆ ಹುಟ್ಟಿದ್ದು ಇಂಥ ಕೆಲಸದಿಂದ. ಈ ಅನುಭವ 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಧಾರಗಳಲ್ಲಿ ಒಂದಾಯಿತು; 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ದೇಶಕ್ಕೇ ಮಾದರಿಯಾಯಿತು. ಕರ್ನಾಟಕ ಹೆಮ್ಮೆಪಡಬೇಕಾದ ಕೆಲಸವಿದು.

ಸಕಲವಾರದ ಕೆಲಸ ನಡೆಯುತ್ತಿದ್ದಾಗಲೇ ಅದಕ್ಕೆ ಹತ್ತಿರದಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಳ್ಳುತ್ತಿತ್ತು. ಇಂಥ ಹೊರವಲಯದ ಕೈಗಾರಿಕಾ ಪ್ರದೇಶಗಳಿಗೆ ಊರು ಬಿಟ್ಟು ದುಡಿಯಲು ಬರುವವರಲ್ಲಿ ಯುವಜನರೇ ಹೆಚ್ಚು. ಸೈಕೋಸಿಸ್ ಬಹುತೇಕ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ, ಎಂದರೆ ಕೆಲಸಕ್ಕೆ ಸೇರುವ ವಯಸ್ಸಿನಲ್ಲೇ ತಲೆದೋರುತ್ತದೆ. ಅನೇಕರಲ್ಲಿ ಮೊದಲು ಕೆಡುವುದು ನಿದ್ದೆ. ಆಮೇಲೆ ಸ್ನಾನ, ಊಟ, ಪಾಳಿಯ ಹೊತ್ತು ತಪ್ಪುತ್ತವೆ. ಸಹೋದ್ಯೋಗಿಗಳು ತನ್ನ ವಿರುದ್ಧ ಸಂಚು ನಡೆಸುತ್ತಿದ್ದಾರೆಂಬ ಭಯ ಹತ್ತುತ್ತದೆ. ಹಳ್ಳಿಯಲ್ಲಾದರೆ ಮನೆಯವರ ಕಣ್ಣಿಗೆ ಬೀಳುತ್ತಿತ್ತು. ಪೀಣ್ಯದ ಬಾಡಿಗೆ ಕೋಣೆಯಲ್ಲೋ ವೈಟ್‌ಫೀಲ್ಡಿನ ಪಿ.ಜಿ.ಯಲ್ಲೋ ಒಂಟಿಯಾಗಿರುವವರಲ್ಲಿ ಇದನ್ನು ಗಮನಿಸುವವರಾರು? ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ.

ಕಾನೂನಿನ ಆಸರೆ ಇದೆ. ಕಾರ್ಮಿಕರ ರಾಜ್ಯ ವಿಮಾ ಯೋಜನೆಯ (ಇಎಸ್‌ಐ) ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಸೈಕೋಸಿಸ್ ಇದ್ದು, ಅರ್ಹ ಕಾರ್ಮಿಕರಿಗೆ ಎರಡು ವರ್ಷದವರೆಗೆ ಸರಾಸರಿ ಕೂಲಿಯ ಶೇ. 80 ದೊರೆಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ದೈಹಿಕ ಕಾಯಿಲೆಗಳಂತೆ ಮಾನಸಿಕ ಕಾಯಿಲೆಗಳಿಗೂ ವಿಮೆ ಕಡ್ಡಾಯವೆಂದಿದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.