ಪ್ರತಿವೇದಕರ ಕಣ್ಣು: ಮಸ್ಕಿ, ಲಿಂಗಸುಗೂರು, ಸಿಂಧನೂರು ಪರಿಸರದಲ್ಲಿ ಪ್ರಭುತ್ವದ ನಿಗಾ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಪ್ರದೇಶದ ಇತಿಹಾಸವನ್ನು ಸಾಮಾನ್ಯವಾಗಿ ಕೋಟೆ ಮತ್ತು ಕಾಳಗಗಳ ಇತಿಹಾಸವಾಗಿ ಬರೆಯಲಾಗಿದೆ. ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ವಿಜಯನಗರ ಮತ್ತು ಬಹಮನಿ ಅರಸರು, ಅನಂತರ ಆದಿಲಶಾಹಿಗಳು ನಡೆಸಿದ ಹೋರಾಟಗಳು ಸುಪರಿಚಿತವಾಗಿವೆ. ಆದರೆ ಕೋಟೆಯು ಶತ್ರುವನ್ನು ಹೊರಗಿಡುವ ಸಾಧನ ಮಾತ್ರ. ಒಳಗಿದ್ದ ಪ್ರಜೆಯನ್ನು ಪ್ರಭುತ್ವವು ಯಾರ ಕಣ್ಣಿನಿಂದ ಕಂಡಿತು, ಅವನ ಮನೆಯ ಹೊಸ್ತಿಲನ್ನು ಎಲ್ಲಿಯವರೆಗೆ ದಾಟಿತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಪ್ರಶ್ನೆಗಳಿಗೆ ಸಂಬಂಧಿಸಿದ ಅತಿ ಹಳೆಯ ಲಿಖಿತ ಆಧಾರಗಳಲ್ಲಿ ಕೆಲವು ಇದೇ ನೆಲದ ಸುತ್ತಮುತ್ತ ದೊರೆತಿವೆ.

1915ರಲ್ಲಿ ನಿಜಾಮ ಸರ್ಕಾರದ ಪರವಾಗಿ ಚಿನ್ನದ ಶೋಧದಲ್ಲಿ ತೊಡಗಿದ್ದ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯ ಬಂಡೆಯೊಂದರಲ್ಲಿ ಬ್ರಾಹ್ಮೀ ಲಿಪಿಯ ಸಾಲುಗಳು ಕಂಡವು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಶಾಸನವನ್ನು ಸಂಪಾದಿಸಿ ಪ್ರಕಟಿಸಿದರು. ಅದುವರೆಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದಷ್ಟೇ ತಿಳಿದಿದ್ದ ಅರಸನ ಅಂಕಿತನಾಮ ‘ಅಶೋಕ’ ಎಂಬುದು ಇಲ್ಲಿ ಮೊದಲ ಬಾರಿಗೆ ಓದಲು ಸಿಕ್ಕಿತು. ಮುಂದೆ ಮಧ್ಯಪ್ರದೇಶದ ಗುಜರಾದಲ್ಲಿಯೂ, ಸಿರುಗುಪ್ಪ ಭಾಗದ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರು ಕಂಡುಬಂದಿತು. ಹೆಸರಿನ ಸಂಭ್ರಮದಲ್ಲಿ ಮಸ್ಕಿ ಶಾಸನದ ಒಡಲಿನ ಮಾತು ತುಸು ಹಿಂದೆ ಸರಿದಿದೆ ಎನ್ನಬೇಕು. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಆಮೇಲೆ ಸಂಘವನ್ನು ಸಮೀಪಿಸಿ ಹೆಚ್ಚು ಶ್ರಮಿಸಿದೆ ಎಂದು ಅರಸನು ಅಲ್ಲಿ ತಿಳಿಸುತ್ತಾನೆ. ಧರ್ಮನಿರತನಾದ ಸಣ್ಣವನೂ ಇದನ್ನು ಸಾಧಿಸಬಲ್ಲನು, ಇದು ದೊಡ್ಡವರಿಗಷ್ಟೇ ಮೀಸಲೆಂದು ಭಾವಿಸಬಾರದು ಎನ್ನುತ್ತಾನೆ. ಪ್ರಜೆಯ ಅಂತರಂಗವನ್ನು ಕೆದಕುವ ಬದಲು ತನ್ನ ಅಂತರಂಗದ ವರದಿಯನ್ನು ಊರ ಹೊರಗಿನ ಬಂಡೆಯ ಮೇಲೆ ಬರೆಸಿದ ಅರಸನಿವನು.

ಇದೇ ನಿಲುವು ಆರನೆಯ ಬಂಡೆಶಾಸನದಲ್ಲಿ ಆಡಳಿತದ ವಿಧಿಯಾಗಿ ಮೈದಾಳಿದೆ. ಅದರ ಒಂದು ಪ್ರತಿ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಎಲ್ಲ ವೇಳೆಯಲ್ಲಿಯೂ ರಾಜಕಾರ್ಯ ನಡೆಸುವ, ವರದಿ ಕೇಳುವ ಪದ್ಧತಿ ಹಿಂದೆ ಇರಲಿಲ್ಲವೆಂದು ಅಶೋಕನು ಅದರಲ್ಲಿ ಹೇಳುತ್ತಾನೆ. ಇನ್ನು ಮುಂದೆ ತಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಒಳಕೋಣೆಯಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರತಿವೇದಕರು ಬಂದು ಪ್ರಜೆಗಳ ವಿಷಯವನ್ನು ತಿಳಿಸಬೇಕೆಂಬುದು ಅವನ ಆಜ್ಞೆ. ಇಲ್ಲಿ ತೆರೆದುಕೊಳ್ಳುವ ಬಾಗಿಲು ಅರಸನ ಒಳಕೋಣೆಯದು. ಬಿಟ್ಟುಕೊಟ್ಟ ಏಕಾಂತವೂ ಅವನದೇ.

ಹಾಗೆಂದು ಈ ವ್ಯವಸ್ಥೆಯನ್ನು ಕೇವಲ ಔದಾರ್ಯವೆಂದು ಓದುವಂತಿಲ್ಲ. ಪ್ರತಿವೇದಕನು ಅರಸನಿಗೆ ತಿಳಿಸುವುದನ್ನು ಎಲ್ಲಿಂದಲೋ ತಂದಿರಲೇಬೇಕು. ಆ ಪದವನ್ನು ಕೆಲವರು ವರದಿಗಾರ ಎಂದೂ, ಕೆಲವರು ಗೂಢಚಾರ ಎಂದೂ ಅರ್ಥೈಸಿರುವುದಕ್ಕೆ ಇದೇ ಕಾರಣ. ಐದನೆಯ ಬಂಡೆಶಾಸನದ ಧರ್ಮಮಹಾಮಾತ್ರರು ಸೆರೆಯಾಳುಗಳ ಬಿಡುಗಡೆಯನ್ನು ನೋಡಿಕೊಳ್ಳುತ್ತಿದ್ದರು. ಅವರೇ ಅರಸನ ಸಹೋದರ ಸಹೋದರಿಯರ, ಬಂಧುಗಳ ಮನೆಯೊಳಗೂ ನಿಯುಕ್ತರಾಗಿದ್ದರು. ಮೌರ್ಯರ ಆಸ್ಥಾನಕ್ಕೆ ಬಂದಿದ್ದ ಮೆಗಾಸ್ತನೀಸನ ವಿವರಣೆಯಲ್ಲಿಯೂ ಎಲ್ಲವನ್ನೂ ಗಮನಿಸಿ ಅರಸನಿಗೆ ಒಪ್ಪಿಸುವ ಮೇಲ್ವಿಚಾರಕರ ವರ್ಗವೊಂದಿದೆ. ಅವರು ನಗರದ ಗಣಿಕೆಯರ ನೆರವು ಪಡೆಯುತ್ತಿದ್ದರೆಂದು ಸ್ಟ್ರಾಬೋ ದಾಖಲಿಸಿದ್ದಾನೆ.

ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಈ ಚಿತ್ರ ಇನ್ನೂ ದಟ್ಟವಾಗುತ್ತದೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ 1909ರಲ್ಲಿ ಪ್ರಕಟಿಸಿದ ಈ ಗ್ರಂಥದಲ್ಲಿ ತಾಪಸ, ವರ್ತಕ, ಗೃಹಸ್ಥ, ವಿದ್ಯಾರ್ಥಿಗಳ ವೇಷದ ಗೂಢಪುರುಷರಿದ್ದಾರೆ. ‘ಗೋಪ’ನೆಂಬ ಅಧಿಕಾರಿ ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳವರ ಹೆಸರು, ಜಾತಿ, ಕಸುಬು, ಆದಾಯ, ವೆಚ್ಚಗಳನ್ನು ತಿಳಿದಿರಬೇಕು. ಗುಟ್ಟಾಗಿ ಗಾಯದ ಚಿಕಿತ್ಸೆ ಪಡೆದವನ ಸುದ್ದಿಯನ್ನು ವೈದ್ಯನು ಅಧಿಕಾರಿಗೆ ಮುಟ್ಟಿಸಬೇಕು. ಈ ಗ್ರಂಥದ ಈಗಿನ ರೂಪ ಮೌರ್ಯರ ಕಾಲಕ್ಕಿಂತ ಈಚಿನದೆಂದು ಅನೇಕ ವಿದ್ವಾಂಸರು ತೋರಿಸಿರುವುದರಿಂದ ಇದನ್ನು ಅಶೋಕನ ಆಡಳಿತದ ಯಥಾವತ್ ಚಿತ್ರವೆಂದು ಗ್ರಹಿಸಲಾಗದು. ಆದರೂ ಒಂದು ವ್ಯತ್ಯಾಸ ಗಮನಾರ್ಹ. ಅರ್ಥಶಾಸ್ತ್ರದ ನಿಗಾ ಗುಪ್ತವಾದುದು. ಶಾಸನದ ಪ್ರತಿವೇದಕನ ನೇಮಕವನ್ನಾದರೋ ಬಂಡೆಯ ಮೇಲೆ ಎಲ್ಲರಿಗೂ ಸಾರಲಾಗಿದೆ.

ಗಡಿಯ ಭದ್ರತೆಯ ಬಗೆಗಿನ ಅಶೋಕನ ಮಾತು ಭೀಮಾತೀರದ ಸನ್ನತಿಯಲ್ಲಿದೆ. ಕಳಿಂಗದ ಧೌಲಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳ ಪಾಠವು 1980ರ ದಶಕದ ಕೊನೆಯಲ್ಲಿ ಇಲ್ಲಿಯೂ ಬೆಳಕಿಗೆ ಬಂದಿತು. ತನ್ನ ವಶವಾಗದ ಗಡಿಯ ಜನರು ತನಗೆ ಹೆದರಬಾರದು, ತನ್ನನ್ನು ನಂಬಬೇಕು ಎಂಬ ಭಾವವನ್ನು ಅವರಲ್ಲಿ ಮೂಡಿಸುವ ಹೊಣೆಯನ್ನು ಅವನು ಮಹಾಮಾತ್ರರಿಗೆ ಒಪ್ಪಿಸುತ್ತಾನೆ. ಗೋಡೆಯ ಮಾತು ಅಲ್ಲಿಲ್ಲ.

ಮಧ್ಯಕಾಲದ ದೋಆಬಿನಲ್ಲಿ ಇಂಥ ನಂಬಿಕೆಗೆ ಅವಕಾಶ ಕಡಿಮೆಯಿತ್ತು. ಕೃಷ್ಣಾತೀರದ ವಿಜಯನಗರದ ಪಾಳೆಯಕ್ಕೆ ಬಹಮನಿ ಸುಲ್ತಾನ ಫಿರೋಜನ ಕಡೆಯ ಖಾಜಿಯೊಬ್ಬ ವೇಷ ಮರೆಸಿಕೊಂಡು ನರ್ತಕಿಯರ ಮೇಳದೊಡನೆ ಹೊಕ್ಕು ರಾಜಕುಮಾರನನ್ನು ಕೊಂದನೆಂದು ಫಿರಿಶ್ತಾ ಬರೆದಿದ್ದಾನೆ. ಅವನು ಬರೆದದ್ದು ಎರಡು ಶತಮಾನಗಳ ಬಳಿಕ ಎಂಬುದನ್ನು ಮರೆಯಬಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಯಾಗಿತ್ತು. 1853ರ ಒಪ್ಪಂದದಂತೆ ದೋಆಬ್ ಪ್ರದೇಶ ಬ್ರಿಟಿಷರ ಆಡಳಿತಕ್ಕೆ ಸೇರಿ, 1860ರಲ್ಲಿ ನಿಜಾಮನಿಗೆ ಮರಳಿತು. ನೆರೆಯ ಸುರಪುರದಲ್ಲಿ ಬಾಲಕ ಅರಸ ವೆಂಕಟಪ್ಪ ನಾಯಕನ ಪಾಲನೆ ಮತ್ತು ಸಂಸ್ಥಾನದ ಉಸ್ತುವಾರಿ ಎರಡನ್ನೂ ಫಿಲಿಪ್ ಮೆಡೋಸ್ ಟೇಲರ್ 1853ರವರೆಗೆ ನಿರ್ವಹಿಸಿದ್ದನು. ಬಾಲಕನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ದೊಡ್ಡವನಾದ ಅದೇ ಅರಸನ ಮೇಲೆ ಬಂಡಾಯದ ಸಂಶಯ ಬಂದಾಗ ಹೈದರಾಬಾದಿನ ರೆಸಿಡೆಂಟನು ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಸುರಪುರಕ್ಕೆ ಕಳುಹಿಸಿದನು. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನ ಸೈನ್ಯ ಅಲ್ಲಿಗೆ ನಡೆಯಿತು. ಸೆರೆಸಿಕ್ಕ ಅರಸನು ತನ್ನ ಮನಸ್ಸನ್ನು ತೋಡಿಕೊಂಡದ್ದು ಟೇಲರನ ಮುಂದೆ. ಪೋಷಕನ ಅಕ್ಕರೆಯೂ ಸಾಮ್ರಾಜ್ಯದ ನಿಗಾವೂ ಒಬ್ಬನೇ ವ್ಯಕ್ತಿಯಲ್ಲಿ ಬೆರೆತಾಗ ಆಶ್ರಿತನ ಪಾಲಿಗೆ ಗುಟ್ಟೆಂಬುದೇ ಉಳಿಯಲಿಲ್ಲ. ಟೇಲರನ ಆತ್ಮಕಥೆಯ ಈ ಪುಟಗಳನ್ನು ವಾತ್ಸಲ್ಯದ ಕಥೆಯಾಗಿಯಷ್ಟೇ ಓದುವ ರೂಢಿ ಸಾಲದು.

ನಿಜಾಮ ಆಡಳಿತದ ಕೊನೆಯ ದಶಕಗಳಲ್ಲಿ ಸಭೆ ನಡೆಸುವುದಕ್ಕೂ ಅಧಿಕಾರಿಗಳ ಅನುಮತಿ ಬೇಕಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ನಿಷೇಧಕ್ಕೆ ಒಳಗಾಯಿತು. ಸ್ವತಂತ್ರ ಭಾರತದಲ್ಲಿ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪೊಲೀಸರು ರಾತ್ರಿ ಮನೆಗೆ ಬಂದು ತಪಾಸಣೆ ಮಾಡುವ ನಿಯಮವನ್ನು ರದ್ದುಪಡಿಸಿತಾದರೂ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಪ್ಪಲಿಲ್ಲ. ಅದನ್ನು ಒಪ್ಪಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ. ಆಧಾರ್ ಯೋಜನೆಯನ್ನು ಪ್ರಶ್ನಿಸಿದ್ದ ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸಿಂಧನೂರಿನಲ್ಲಿ ಈ ಪ್ರಶ್ನೆ ತಿರುವುಮುರುವಾಗಿ ಎದುರಾಗುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತ ಕುಟುಂಬಗಳಿಗಾಗಿ ಇದರ ಸಮೀಪ ಪುನರ್ವಸತಿ ಕ್ಯಾಂಪುಗಳು ನೆಲೆಗೊಂಡವು. ಜನರ ಬಾಯಲ್ಲಿ ಅವು ‘ಆರ್.ಎಚ್. ಕ್ಯಾಂಪು’ಗಳು. ನಿಗಾಕ್ಕೆ ಸಿಲುಕುವ ಭಯಕ್ಕಿಂತ ದಾಖಲೆಯಲ್ಲಿ ಕಾಣಿಸದೆ ಹೋಗುವ ಭಯ ಇಲ್ಲಿನ ಅನೇಕರಿಗೆ ದೊಡ್ಡದು. ಪೌರತ್ವದ ಪುರಾವೆ ಇಲ್ಲದವನು ಪ್ರಭುತ್ವದ ಸಂಶಯಕ್ಕೆ ಸುಲಭವಾಗಿ ಗುರಿಯಾಗುತ್ತಾನೆ. ಸಂಶಯ ನಿವಾರಣೆಗಾಗಿ ಅವನು ತಾನು ಎಲ್ಲಿಂದ, ಯಾವಾಗ ಬಂದೆನೆಂಬುದನ್ನೂ, ತನ್ನ ಧರ್ಮ ಯಾವುದೆಂಬುದನ್ನೂ ಕಚೇರಿಯ ಮುಂದೆ ಬಿಚ್ಚಿಡಬೇಕು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಮೇಲೆ ಅದೇ ವರ್ಷ ಈ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ದೊರೆಯಿತು. ಸುಮಾರು ಅರ್ಧ ಶತಮಾನ ಇದೇ ನೆಲದಲ್ಲಿ ಬದುಕಿದ ಕುಟುಂಬಗಳಿಗೆ ಸೇರಿದವರು ಅವರು.